ಆರ್. ನರಸಿಂಹಾಚಾರ್ಯ

ಆರ್. ನರಸಿಂಹಾಚಾರ್ಯರು (1860–1936) ಕನ್ನಡದ ಹಿರಿಯ ಸಂಶೋಧಕರು, ಸಾಹಿತ್ಯ ಚರಿತ್ರಕಾರರು, ಶಾಸನತಜ್ಞರು ಹಾಗೂ ಗ್ರಂಥಸಂಪಾದಕರು. 1893ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಿಂದ ಕನ್ನಡದಲ್ಲಿ ಎಂ.ಎ. ಪದವಿ ಪಡೆದ ಇವರು ಆ ಪದವಿಯನ್ನು ಪಡೆದವರಲ್ಲಿ ಮೊದಲಿಗರೆಂದು ಪ್ರಸಿದ್ಧರಾಗಿದ್ದಾರೆ. ಮೂರು ಸಂಪುಟಗಳ 'ಕರ್ಣಾಟಕ ಕವಿಚರಿತೆ' ಇವರ ಜೀವಮಾನದ ಸಾಧನೆ. ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿ 1906ರಿಂದ 1922ರವರೆಗೆ ಸೇವೆ ಸಲ್ಲಿಸಿದರು. 1918ರಲ್ಲಿ ಧಾರವಾಡದಲ್ಲಿ ನಡೆದ ನಾಲ್ಕನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದರು.

ಜನನ ಮತ್ತು ವಿದ್ಯಾಭ್ಯಾಸ

ನರಸಿಂಹಾಚಾರ್ಯರು 1860ರಲ್ಲಿ ಈಗಿನ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣದ ಸಮೀಪದ ಕೊಪ್ಪಲಿನಲ್ಲಿ ಶ್ರೀವೈಷ್ಣವ ಮನೆತನದಲ್ಲಿ ಜನಿಸಿದರು. ಕನ್ನಡ ಮತ್ತು ಸಂಸ್ಕೃತಗಳ ಜೊತೆಗೆ ತಮಿಳು ಭಾಷೆಯಲ್ಲಿಯೂ ಅವರಿಗೆ ಒಳ್ಳೆಯ ಪರಿಶ್ರಮವಿತ್ತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಬಿ.ಎ. ಪದವಿ ಪಡೆದ ಮೇಲೆ ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿ ಕೆಲಸಕ್ಕೆ ಸೇರಿದರು. ಉದ್ಯೋಗದಲ್ಲಿದ್ದುಕೊಂಡೇ ಉನ್ನತ ವ್ಯಾಸಂಗವನ್ನು ಮುಂದುವರಿಸಿದರು.

ಆಗ ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ವಿಶ್ವವಿದ್ಯಾನಿಲಯ ಇರಲಿಲ್ಲ. ಅದು ಸ್ಥಾಪನೆಯಾದದ್ದು 1916ರಲ್ಲಿ. ಅಲ್ಲಿಯವರೆಗೆ ಸಂಸ್ಥಾನದ ಕಾಲೇಜುಗಳ ವಿದ್ಯಾರ್ಥಿಗಳು 1857ರಲ್ಲಿ ಆರಂಭವಾದ ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗಳಿಗೇ ಕೂರಬೇಕಾಗಿತ್ತು. ಉನ್ನತ ಶಿಕ್ಷಣದ ಭಾಷೆ ಇಂಗ್ಲಿಷ್ ಆಗಿತ್ತು. ಇಂಗ್ಲಿಷ್, ಗಣಿತ, ತತ್ತ್ವಶಾಸ್ತ್ರ, ಇತಿಹಾಸಗಳಿಗೆ ದೊರೆಯುತ್ತಿದ್ದ ಮನ್ನಣೆ ದೇಶಭಾಷೆಗಳಿಗೆ ದೊರೆಯುತ್ತಿರಲಿಲ್ಲ. ಅಂಥ ಕಾಲದಲ್ಲಿ ನರಸಿಂಹಾಚಾರ್ಯರು ಕನ್ನಡವನ್ನೇ ಆರಿಸಿಕೊಂಡು 1893ರಲ್ಲಿ ಎಂ.ಎ. ಪರೀಕ್ಷೆಯಲ್ಲಿ ತೇರ್ಗಡೆಯಾದರು.

1893ರಲ್ಲಿ ಕನ್ನಡ ವ್ಯಾಸಂಗದ ಸ್ಥಿತಿ

ಈ ಪದವಿಯ ಮಹತ್ತ್ವವನ್ನು ತಿಳಿಯಬೇಕಾದರೆ ಆ ವರ್ಷದಲ್ಲಿ ಕನ್ನಡ ವಿದ್ಯಾರ್ಥಿಗೆ ಯಾವ ಗ್ರಂಥಗಳು ದೊರೆಯುತ್ತಿದ್ದವು ಎಂಬುದನ್ನು ಗಮನಿಸಬೇಕು. ಫರ್ಡಿನೆಂಡ್ ಕಿಟ್ಟೆಲರು ಸಂಪಾದಿಸಿದ ಕೇಶಿರಾಜನ 'ಶಬ್ದಮಣಿದರ್ಪಣ' 1872ರಲ್ಲಿಯೂ ನಾಗವರ್ಮನ 'ಛಂದೋಂಬುಧಿ' 1875ರಲ್ಲಿಯೂ ಅಚ್ಚಾಗಿದ್ದವು. ಬಿ. ಎಲ್. ರೈಸರು 'ಕರ್ಣಾಟಕ ಭಾಷಾಭೂಷಣ', 'ಶಬ್ದಾನುಶಾಸನ' ಮತ್ತು 'ಪಂಪರಾಮಾಯಣ'ಗಳನ್ನು ಹೊರತಂದಿದ್ದರು. 1892ರಲ್ಲಿ ಆರಂಭವಾದ 'ಕಾವ್ಯಮಂಜರಿ' ಮಾಸಪತ್ರಿಕೆ ಹಳೆಯ ಕಾವ್ಯಗಳನ್ನು ಬಿಡಿಬಿಡಿಯಾಗಿ ಪ್ರಕಟಿಸತೊಡಗಿತ್ತು.

ಆದರೆ ಕಿಟ್ಟೆಲರ ಪ್ರಸಿದ್ಧ ನಿಘಂಟು ಪ್ರಕಟವಾದದ್ದು ಮರುವರ್ಷ, 1894ರಲ್ಲಿ. ಈಗ ಕನ್ನಡದ ಉಪಲಬ್ಧ ಗ್ರಂಥಗಳಲ್ಲಿ ಮೊದಲನೆಯದೆಂದು ಶಾಲೆಯ ಮಕ್ಕಳೂ ಬಲ್ಲ 'ಕವಿರಾಜಮಾರ್ಗ' ಆಗ ಅಚ್ಚಾಗಿರಲಿಲ್ಲ. ಕೆ. ಬಿ. ಪಾಠಕರು ಅದನ್ನು ಪ್ರಕಟಿಸಿದ್ದು 1898ರಲ್ಲಿ. ಪಂಪನ 'ವಿಕ್ರಮಾರ್ಜುನ ವಿಜಯ'ವೂ ಅದೇ ವರ್ಷ ಮೊದಲ ಬಾರಿಗೆ ಬೆಳಕು ಕಂಡಿತು. ಕನ್ನಡ ಕವಿಗಳ ಕಾಲ, ದೇಶ, ಆಶ್ರಯದಾತ, ಕೃತಿಗಳನ್ನು ಸವಿವರವಾಗಿ ತಿಳಿಸುವ ಸಾಹಿತ್ಯ ಚರಿತ್ರೆ ಕನ್ನಡದಲ್ಲಿ ಇರಲಿಲ್ಲ. ಓಲೆಗರಿಯ ಪ್ರತಿಗಳು ಮಠ, ಬಸದಿ ಮತ್ತು ಮನೆತನಗಳಲ್ಲಿ ಚದುರಿಹೋಗಿದ್ದವು. ಎಷ್ಟೋ ಪ್ರತಿಗಳು ಹುಳು ಹಿಡಿದು, ಗರಿ ಮುರಿದು ನಾಶವಾಗುತ್ತಿದ್ದವು.

ಹೀಗೆ, ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಎಂಬುದು ಬಂದಾಗ ಅದಕ್ಕೆ ಬೇಕಾದ ಆಕರಗಳು ಇನ್ನೂ ಸಿದ್ಧವಾಗಿರಲಿಲ್ಲ. ಪದವಿ ಮೊದಲು ಬಂದಿತು, ಅದನ್ನು ಹೊರುವ ಶಾಸ್ತ್ರ ಆಮೇಲೆ ಬೆಳೆಯಬೇಕಾಯಿತು. ಆ ಶಾಸ್ತ್ರವನ್ನು ಬೆಳೆಸಿದವರಲ್ಲಿ ನರಸಿಂಹಾಚಾರ್ಯರ ಸ್ಥಾನ ಬಹಳ ದೊಡ್ಡದು. ಪದವಿಯ ನಂತರದ ನಾಲ್ಕು ದಶಕಗಳನ್ನು ಅವರು ತಮಗೆ ದೊರೆಯದಿದ್ದ ಸಾಧನಗಳನ್ನು ಮುಂದಿನವರಿಗೆ ಒದಗಿಸುವುದರಲ್ಲಿ ಕಳೆದರು.

ಪುರಾತತ್ತ್ವ ಇಲಾಖೆಯಲ್ಲಿ

1899ರಲ್ಲಿ ನರಸಿಂಹಾಚಾರ್ಯರು ಪುರಾತತ್ತ್ವ ಇಲಾಖೆಯಲ್ಲಿ ಬಿ. ಎಲ್. ರೈಸರ ಸಹಾಯಕರಾಗಿ ನೇಮಕಗೊಂಡರು. ರೈಸರು ಆಗ ಸಂಸ್ಥಾನದ ಶಾಸನಗಳನ್ನು 'ಎಪಿಗ್ರಾಫಿಯಾ ಕರ್ನಾಟಿಕ' ಎಂಬ ಸಂಪುಟಮಾಲೆಯಲ್ಲಿ ಪ್ರಕಟಿಸುತ್ತಿದ್ದರು. 1906ರಲ್ಲಿ ರೈಸರು ನಿವೃತ್ತರಾದಾಗ ಇಲಾಖೆಯ ಹೊಣೆ ನರಸಿಂಹಾಚಾರ್ಯರಿಗೆ ಬಂದಿತು. ಅಂದಿನಿಂದ 1922ರಲ್ಲಿ ನಿವೃತ್ತರಾಗುವವರೆಗೆ ಪ್ರತಿವರ್ಷವೂ ಸಂಸ್ಥಾನದ ಹಳ್ಳಿಗಳಲ್ಲಿ ಸಂಚರಿಸಿ ಶಾಸನ, ದೇವಾಲಯ, ನಾಣ್ಯ ಮತ್ತು ಹಸ್ತಪ್ರತಿಗಳ ವಿವರಗಳನ್ನು ಇಲಾಖೆಯ ವಾರ್ಷಿಕ ವರದಿಗಳಲ್ಲಿ ದಾಖಲಿಸಿದರು. ಅವರ ನಂತರ ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು ಈ ಇಲಾಖೆಯ ಮುಖ್ಯಸ್ಥರಾದರು.

ಶ್ರವಣಬೆಳಗೊಳದ ಶಾಸನಗಳ ಪರಿಷ್ಕರಣ ಅವರ ಮುಖ್ಯ ಕಾರ್ಯಗಳಲ್ಲಿ ಒಂದು. ರೈಸರು 1889ರಲ್ಲಿ ಅಲ್ಲಿಯ 144 ಶಾಸನಗಳನ್ನು ಪ್ರಕಟಿಸಿದ್ದರು. ನರಸಿಂಹಾಚಾರ್ಯರು ಬೆಟ್ಟಗಳನ್ನೂ ಊರನ್ನೂ ಸುತ್ತಮುತ್ತಲ ಗ್ರಾಮಗಳನ್ನೂ ಮತ್ತೆ ಶೋಧಿಸಿ, 1923ರ ಪರಿಷ್ಕೃತ ಸಂಪುಟದಲ್ಲಿ ಈ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಗೊಮ್ಮಟೇಶ್ವರನನ್ನು ಸ್ತುತಿಸುವ ಬೊಪ್ಪಣ ಪಂಡಿತನ ಕನ್ನಡ ಕಾವ್ಯವೂ ಇಲ್ಲಿಯ ಒಂದು ಶಾಸನವೇ ಆಗಿದೆ.

ವಾಸ್ತುಶಿಲ್ಪದ ಬಗೆಗೂ ಅವರು ಪುಸ್ತಕಗಳನ್ನು ಬರೆದರು. ಸೋಮನಾಥಪುರದ ಕೇಶವ ದೇವಾಲಯವನ್ನು ಕುರಿತ ಗ್ರಂಥ 1917ರಲ್ಲಿಯೂ ಬೇಲೂರಿನ ಕೇಶವ ದೇವಾಲಯ ಮತ್ತು ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ದೇವಾಲಯಗಳನ್ನು ಕುರಿತ ಗ್ರಂಥಗಳು 1919ರಲ್ಲಿಯೂ ಇಂಗ್ಲಿಷಿನಲ್ಲಿ ಪ್ರಕಟವಾದವು. ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ಕೆತ್ತಿರುವ ಹೆಸರುಗಳನ್ನು ಅವರು ಈ ಗ್ರಂಥಗಳಲ್ಲಿ ಗುರುತಿಸಿದರು. ಹೊಯ್ಸಳ ಶಿಲ್ಪವನ್ನು ದಂತಕಥೆಗಳಿಂದ ಬಿಡಿಸಿ ದಾಖಲೆಗಳ ಮೂಲಕ ನೋಡುವ ಕ್ರಮಕ್ಕೆ ಇದು ನೆರವಾಯಿತು.

ಕರ್ಣಾಟಕ ಕವಿಚರಿತೆ

'ಕರ್ಣಾಟಕ ಕವಿಚರಿತೆ'ಯ ಮೊದಲ ಸಂಪುಟ 1907ರಲ್ಲಿ ಪ್ರಕಟವಾಯಿತು. ಇದರ ರಚನೆಯಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಾಲಯದಲ್ಲಿದ್ದ ಕವಿ ಹಾಗೂ ವಿದ್ವಾಂಸ ಎಸ್. ಜಿ. ನರಸಿಂಹಾಚಾರ್ಯರು ಸಹಕರ್ತರಾಗಿದ್ದರು. ಅವರು ಅದೇ ವರ್ಷ ತೀರಿಕೊಂಡರು. ಆಗ ಹದಿನಾಲ್ಕನೆಯ ಶತಮಾನದವರೆಗಿನ ಕವಿಗಳ ವಿವರ ಮಾತ್ರ ಹೊರಬಂದಿತ್ತು, ಇನ್ನೂ ಐದು ಶತಮಾನಗಳ ಕೆಲಸ ಬಾಕಿ ಇತ್ತು. ಜೊತೆಗಾರರನ್ನು ಕಳೆದುಕೊಂಡ ನರಸಿಂಹಾಚಾರ್ಯರು ಇಲಾಖೆಯ ಹೊಣೆಯ ನಡುವೆ ಆ ಕೆಲಸವನ್ನು ಕೈಬಿಡದೆ ಮುಂದುವರಿಸಿದರು. ಹದಿನೈದರಿಂದ ಹದಿನೇಳನೆಯ ಶತಮಾನದವರೆಗಿನ ಕವಿಗಳನ್ನು ಒಳಗೊಂಡ ಎರಡನೆಯ ಸಂಪುಟ 1919ರಲ್ಲಿ ಬಂದಿತು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನದ ಕವಿಗಳನ್ನೂ ಮೊದಲ ಎರಡು ಸಂಪುಟಗಳಿಗೆ ಅನುಬಂಧವನ್ನೂ ಒಳಗೊಂಡ ಮೂರನೆಯ ಸಂಪುಟ 1929ರಲ್ಲಿ, ಅವರ ನಿವೃತ್ತಿಯಾಗಿ ಏಳು ವರ್ಷಗಳ ಮೇಲೆ, ಪ್ರಕಟವಾಯಿತು.

ಪ್ರತಿಯೊಬ್ಬ ಕವಿಯ ಕಾಲ, ಮತ, ವಂಶ, ಗುರು, ಆಶ್ರಯದಾತ, ಬಿರುದು ಮತ್ತು ಕೃತಿಗಳನ್ನು ಸಂಕ್ಷೇಪವಾಗಿ ಹೇಳಿ, ಕೃತಿಯಿಂದ ಕೆಲವು ಪದ್ಯಗಳನ್ನು ಮಾದರಿಯಾಗಿ ಕೊಡುವುದು ಈ ಗ್ರಂಥದ ಕ್ರಮ. ಕಾಲನಿರ್ಣಯವೇ ಇದರ ಬೆನ್ನೆಲುಬು. ಜನ್ನನು ತನ್ನ 'ಯಶೋಧರ ಚರಿತೆ'ಯ ಕಾಲವನ್ನು ತಾನೇ ತಿಳಿಸಿರುವುದರಿಂದ ಅದು 1209ರ ಕೃತಿಯೆಂದು ನಿಶ್ಚಯವಾಗುತ್ತದೆ. ಎಲ್ಲ ಕವಿಗಳೂ ಹೀಗೆ ಕಾಲವನ್ನು ಹೇಳಿಕೊಂಡಿಲ್ಲ. ಅಂಥಲ್ಲಿ ಬೇರೆ ದಾರಿಗಳನ್ನು ಹಿಡಿಯಬೇಕು. ಕವಿಯು ಯಾವ ಪೂರ್ವಕವಿಗಳನ್ನು ಸ್ಮರಿಸಿದ್ದಾನೆ, ಯಾವ ಕವಿಗಳು ಅವನನ್ನು ಸ್ಮರಿಸಿದ್ದಾರೆ ಎಂಬುದನ್ನು ನೋಡಿದರೆ ಅವನ ಕಾಲದ ಎರಡು ಎಲ್ಲೆಗಳು ತಿಳಿಯುತ್ತವೆ. ಅವನು ಹೆಸರಿಸುವ ಅರಸ ಅಥವಾ ದಂಡನಾಯಕ ಶಾಸನಗಳಲ್ಲಿ ಕಾಣಿಸಿಕೊಂಡರೆ ಕಾಲ ಇನ್ನಷ್ಟು ಖಚಿತವಾಗುತ್ತದೆ. ಬಂಧುತ್ವವೂ ನೆರವಿಗೆ ಬರುತ್ತದೆ. ವ್ಯಾಕರಣಕಾರ ಕೇಶಿರಾಜನು ಮಲ್ಲಿಕಾರ್ಜುನನ ಮಗ, ಜನ್ನನ ಸೋದರಳಿಯ. ಆದ್ದರಿಂದ ಒಬ್ಬನ ಕಾಲ ತಿಳಿದರೆ ಉಳಿದಿಬ್ಬರ ಕಾಲವನ್ನೂ ಊಹಿಸಬಹುದು.

ಹಗಲು ಶಾಸನಗಳೊಡನೆ ಇದ್ದ ವಿದ್ವಾಂಸರೇ ಕಾವ್ಯಗಳ ಕಾಲವನ್ನೂ ನಿರ್ಣಯಿಸಿದ್ದು ಕನ್ನಡಕ್ಕೆ ಒದಗಿದ ಅನುಕೂಲ. ಕೃತಿ ಸಿಗದಿದ್ದರೂ ಹೆಸರು ಉಳಿದಿರುವ ಕವಿಗಳನ್ನು ಅವರು ಬಿಡಲಿಲ್ಲ. ಒಂದನೆಯ ಗುಣವರ್ಮನ 'ಶೂದ್ರಕ' ಮತ್ತು 'ಹರಿವಂಶ'ಗಳು ಇತರ ಗ್ರಂಥಗಳಲ್ಲಿ ಉದ್ಧೃತವಾದ ಪದ್ಯಗಳಿಂದ ಮಾತ್ರ ತಿಳಿದುಬಂದಿವೆ. ಇಂಥ ಉಲ್ಲೇಖಗಳನ್ನು ಒಂದೆಡೆ ಸೇರಿಸಿದ್ದರಿಂದ ಮುಂದಿನ ಸಂಶೋಧಕರಿಗೆ ಏನನ್ನು ಹುಡುಕಬೇಕೆಂಬುದು ತಿಳಿಯುವಂತಾಯಿತು.

ಇಲಾಖೆಯ ವರದಿಗಳನ್ನು ಇಂಗ್ಲಿಷಿನಲ್ಲಿ ಬರೆದ ನರಸಿಂಹಾಚಾರ್ಯರು ಕವಿಚರಿತೆಯನ್ನು ಕನ್ನಡದಲ್ಲಿಯೇ ರಚಿಸಿದರು. ಕನ್ನಡವು ಸಂಶೋಧನೆಯ ವಿಷಯವಾಗಬಲ್ಲುದೆಂಬುದನ್ನಷ್ಟೇ ಅಲ್ಲ, ಸಂಶೋಧನೆಯ ಭಾಷೆಯೂ ಆಗಬಲ್ಲುದೆಂಬುದನ್ನು ಈ ಗ್ರಂಥ ತೋರಿಸಿಕೊಟ್ಟಿತು.

ಇತರ ಕೃತಿಗಳು

* ಕಾವ್ಯಾವಲೋಕನ (ಸಂಪಾದನೆ, 1903): ನಾಗವರ್ಮನ ಅಲಂಕಾರ ಗ್ರಂಥ.
* ಶಬ್ದಾನುಶಾಸನ (ಪರಿಷ್ಕೃತ ಸಂಪಾದನೆ, 1923): ಭಟ್ಟಾಕಳಂಕನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ಕನ್ನಡ ವ್ಯಾಕರಣ.
* ಶಾಸನಪದ್ಯಮಂಜರಿ (1923): ಶಾಸನಗಳಲ್ಲಿ ದೊರೆಯುವ ಕನ್ನಡ ಪದ್ಯಗಳ ಸಂಕಲನ. ಶಾಸನಗಳು ದಾನದತ್ತಿಗಳ ದಾಖಲೆಗಳು ಮಾತ್ರವಲ್ಲ, ಸಾಹಿತ್ಯವೂ ಹೌದು ಎಂಬುದನ್ನು ಓದುಗರಿಗೆ ತೋರಿಸಿದ ಪುಸ್ತಕ.
* ನೀತಿಮಂಜರಿ: ತಮಿಳಿನ ನೀತಿಗ್ರಂಥಗಳನ್ನು ಆಧರಿಸಿದ ಕನ್ನಡ ಪದ್ಯಗಳು.
* ಕನ್ನಡ ಭಾಷೆಯ ಚರಿತ್ರೆ (ಇಂಗ್ಲಿಷಿನಲ್ಲಿ, 1934): ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೀಡಿದ ಉಪನ್ಯಾಸಗಳ ಗ್ರಂಥರೂಪ. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಕುರಿತ ಉಪನ್ಯಾಸಗಳು ಅವರ ನಿಧನಾನಂತರ ಪ್ರಕಟವಾದವು.

ಪ್ರಶಸ್ತಿ ಮತ್ತು ಗೌರವಗಳು

ಮೈಸೂರು ಅರಮನೆಯಿಂದ 'ಪ್ರಾಕ್ತನವಿಮರ್ಶವಿಚಕ್ಷಣ' ಎಂಬ ಬಿರುದು ಇವರಿಗೆ ಸಂದಿತು. ಪ್ರಾಚೀನ ವಿಷಯಗಳ ವಿಮರ್ಶೆಯಲ್ಲಿ ನಿಪುಣರು ಎಂಬುದು ಇದರ ಅರ್ಥ. ಬ್ರಿಟಿಷ್ ಸರ್ಕಾರ 'ರಾವ್ ಬಹದ್ದೂರ್' ಮತ್ತು 'ಮಹಾಮಹೋಪಾಧ್ಯಾಯ' ಪದವಿಗಳನ್ನು ನೀಡಿ ಗೌರವಿಸಿತು. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು 1918ರ ಧಾರವಾಡ ಸಮ್ಮೇಳನದ ಅಧ್ಯಕ್ಷ ಸ್ಥಾನಕ್ಕೆ ಇವರನ್ನು ಆರಿಸಿತು. ಧಾರವಾಡ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಕನ್ನಡನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಆ ದಿನಗಳಲ್ಲಿ ಎಲ್ಲ ಭಾಗಗಳ ಕವಿಗಳನ್ನೂ ಒಂದೇ ಚರಿತ್ರೆಯಲ್ಲಿ ಸೇರಿಸಿದ ಮೈಸೂರಿನ ವಿದ್ವಾಂಸರಿಗೆ ಉತ್ತರ ಕರ್ನಾಟಕದಲ್ಲಿ ಈ ಗೌರವ ದೊರೆತದ್ದು ಉಚಿತವಾಗಿತ್ತು.

ನರಸಿಂಹಾಚಾರ್ಯರು 1936ರಲ್ಲಿ ನಿಧನರಾದರು.

ಪ್ರಭಾವ ಮತ್ತು ಮೌಲ್ಯಮಾಪನ

ಇ. ಪಿ. ರೈಸರು ಇಂಗ್ಲಿಷಿನಲ್ಲಿ ಬರೆದ ಕನ್ನಡ ಸಾಹಿತ್ಯ ಚರಿತ್ರೆಗೆ ಕವಿಚರಿತೆಯು ಮುಖ್ಯ ಆಧಾರವಾಯಿತು. 1927ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ಎಂ.ಎ. ತರಗತಿಯನ್ನು ಆರಂಭಿಸಿತು. ನರಸಿಂಹಾಚಾರ್ಯರು ಆ ಪದವಿಯನ್ನು ಪಡೆದು ಆಗ 34 ವರ್ಷಗಳು ಕಳೆದಿದ್ದವು. ಈ ತರಗತಿಯಲ್ಲಿ ಓದಿದ ಕುವೆಂಪು ಅವರು ಎಂ.ಎ. ಪದವಿ ಪಡೆದದ್ದು 1929ರಲ್ಲಿ. ಕವಿಚರಿತೆಯ ಕೊನೆಯ ಸಂಪುಟ ಬಂದದ್ದೂ ಅದೇ ವರ್ಷ. 1893ರಲ್ಲಿ ಒಬ್ಬ ಪರೀಕ್ಷಾರ್ಥಿಗೆ ಇಲ್ಲದಿದ್ದ ನಿಘಂಟು, ಕಾವ್ಯಗಳ ಮುದ್ರಿತ ಪಾಠ, ಕವಿಗಳ ಕಾಲಾನುಕ್ರಮ, ಶಾಸನಗಳ ಸಂಪುಟ ಇವೆಲ್ಲವೂ ಹೊಸ ವಿದ್ಯಾರ್ಥಿಗಳ ಮೇಜಿನ ಮೇಲಿದ್ದವು.

ಕವಿಚರಿತೆಗೆ ಮಿತಿಗಳೂ ಇವೆ. ಹೆಸರೇ ಸೂಚಿಸುವಂತೆ ಅದು ಕವಿಗಳ ಚರಿತ್ರೆ. ಸಾಹಿತ್ಯದ ಬೆಳವಣಿಗೆಯ ವಿವೇಚನೆಗಾಗಲಿ ಕಾವ್ಯಗುಣದ ವಿಮರ್ಶೆಗಾಗಲಿ ಅಲ್ಲಿ ಹೆಚ್ಚಿನ ಎಡೆಯಿಲ್ಲ. ದೊಡ್ಡ ಕವಿಗೂ ಸಾಮಾನ್ಯ ಕವಿಗೂ ಒಂದೇ ಬಗೆಯ ವಿವರಣೆ ದೊರೆಯುತ್ತದೆ. ಹೊಸ ಹಸ್ತಪ್ರತಿಗಳೂ ಶಾಸನಗಳೂ ದೊರೆತಂತೆ ಕೆಲವು ಕಾಲನಿರ್ಣಯಗಳನ್ನು ವಿದ್ವಾಂಸರು ತಿದ್ದಿದ್ದಾರೆ, ಕುಮಾರವ್ಯಾಸನಂಥ ಕವಿಗಳ ಕಾಲದ ಚರ್ಚೆ ಬಹುಕಾಲ ನಡೆದಿದೆ. ವಿಮರ್ಶೆಯ ದೃಷ್ಟಿಯ ಸಾಹಿತ್ಯ ಚರಿತ್ರೆಗಳನ್ನು ಮುಂದೆ ರಂ. ಶ್ರೀ. ಮುಗಳಿ ಮೊದಲಾದವರು ಬರೆದರು. ಆದರೆ ಆ ಚರಿತ್ರೆಗಳಿಗೆ ನೆಲಗಟ್ಟು ಒದಗಿಸಿದ್ದು ಕವಿಚರಿತೆಯೇ. ನರಸಿಂಹಾಚಾರ್ಯರ ನಿರ್ಣಯಗಳನ್ನು ತಿದ್ದಿದವರೂ ಅವರು ಒಟ್ಟುಗೂಡಿಸಿದ ಆಧಾರಗಳಿಂದಲೇ ತಮ್ಮ ಕೆಲಸವನ್ನು ಆರಂಭಿಸಬೇಕಾಯಿತು. ಕನ್ನಡ ಸಾಹಿತ್ಯ ಪರಿಷತ್ತು ಈ ಮೂರು ಸಂಪುಟಗಳನ್ನು ಪುನರ್ಮುದ್ರಿಸಿದೆ. ಹಳಗನ್ನಡ ಮತ್ತು ನಡುಗನ್ನಡ ಕವಿಗಳನ್ನು ಅಭ್ಯಾಸ ಮಾಡುವವರಿಗೆ ಇವು ಇಂದಿಗೂ ಆಕರಗ್ರಂಥಗಳಾಗಿವೆ.