ಕುಹಯೋಗದ ಸಿಂಹಾಸನ

ಕಂಪ್ಲಿಯ ಹಿರಿಯ ಜೋಯಿಸರೊಬ್ಬರು ಕಳೆದ ಮಾಗಿಯಲ್ಲಿ ನನಗೆ ಎರಡು ಜಾತಕಗಳನ್ನು ತೋರಿಸಿದರು. ಎರಡೂ ಸಿಖ್ಖರ ಆದಿಗುರು ನಾನಕರವೇ. ಒಂದನ್ನು 1469ರ ಕಾರ್ತಿಕ ಪೂರ್ಣಿಮೆಗೆ ಹಾಕಿತ್ತು. ನಾನಕ ಜಯಂತಿ ನಡೆಯುವುದು ಆ ದಿನವೇ. ಇನ್ನೊಂದನ್ನು, ಹಳೆಯ ಜನಮಸಾಖಿಗಳ ಮಾತನ್ನು ನಂಬಿ, ಅದೇ ವರ್ಷದ ವೈಶಾಖಕ್ಕೆ ಹಾಕಿತ್ತು. ಮೊದಲನೆಯದರಲ್ಲಿ ಸೂರ್ಯನು ತುಲೆಯಲ್ಲಿ ನೀಚ. ಎರಡನೆಯದರಲ್ಲಿ ಮೇಷದಲ್ಲಿ ಉಚ್ಚ. ಜೋಯಿಸರು ಎರಡರಿಂದಲೂ ಅದೇ ಮಹಾಪುರುಷನನ್ನು ಹೊರತೆಗೆದು ತೋರಿಸಿದರು. ನೀಚಭಂಗವೆಂಬ ಕಿರುದಾರಿಯೊಂದು ಶಾಸ್ತ್ರದಲ್ಲಿ ಇದ್ದೇ ಇದೆಯಷ್ಟೆ. ಅವರು ಪ್ರಾಮಾಣಿಕರು, ತಾವು ಫಲವನ್ನು ಬಲ್ಲವರಾಗಿಯೇ ಗ್ರಹಗಳನ್ನು ಓದುತ್ತಿರುವುದನ್ನು ನಗುತ್ತಲೇ ಒಪ್ಪಿಕೊಂಡರು.

ನಾನಕರು ದೇಹ ಬಿಟ್ಟದ್ದು 1539ರಲ್ಲಿ. ಅದೇ ವರ್ಷದ ಮಾರ್ಚಿಯಲ್ಲಿ, ಫಾಲ್ಗುಣ ಬಹುಳ ಚೌತಿಯಂದು, ನಮ್ಮ ತುಂಗಭದ್ರೆಯ ನಡುಗಡ್ಡೆಯಲ್ಲಿ ವ್ಯಾಸರಾಯರು ವೃಂದಾವನಸ್ಥರಾದರು. ಅವರ ಜಾತಕವೆಲ್ಲಿ ಎಂದು ಕೇಳಿದೆ. ಯಾವ ವರ್ಷಕ್ಕೆ ಹಾಕಲಿ ಎಂದು ಜೋಯಿಸರು ತಿರುಗಿ ಕೇಳಿದರು. ಜನನ 1447ರಲ್ಲಿ ಎನ್ನುವವರುಂಟು, 1460ರಲ್ಲಿ ಎನ್ನುವವರುಂಟು.

ನಿಜವಾಗಿ ನೋಡಿದರೆ ಈ ಬಾಳಿನ ಗತಿ ಹುಟ್ಟಿಗೆ ಮೊದಲೇ ನಿಶ್ಚಯವಾಗಿತ್ತು, ಅದೂ ಗ್ರಹಗಳಿಂದಲ್ಲ, ಒಂದು ಮಾತಿನಿಂದ. ಕಾವೇರಿಯ ದಡದ ಬನ್ನೂರಿನ ದಂಪತಿಗಳು ಅಬ್ಬೂರಿನ ಬ್ರಹ್ಮಣ್ಯತೀರ್ಥರ ಅನುಗ್ರಹದಿಂದ ಮಕ್ಕಳನ್ನು ಪಡೆದರೆಂದೂ, ಒಂದು ಕೂಸನ್ನು ಮಠಕ್ಕೆ ಒಪ್ಪಿಸುವುದಾಗಿ ನುಡಿ ಕೊಟ್ಟಿದ್ದರೆಂದೂ ಪರಂಪರೆ ಹೇಳುತ್ತದೆ. ಆ ಕೂಸೇ ಯತಿರಾಜ. ಸಂನ್ಯಾಸವಾದ ಮೇಲೆ ವ್ಯಾಸತೀರ್ಥ. ಮುಳಬಾಗಿಲಿನ ಶ್ರೀಪಾದರಾಯರ ಬಳಿ ಓದು, ಆಮೇಲೆ ಸಾಳುವ ನರಸಿಂಹನ ಆದರ, ತಿರುಪತಿಯಲ್ಲಿ ಹನ್ನೆರಡು ವರ್ಷಗಳ ವಾಸ, ತರುವಾಯ ಹಂಪೆ.

ಹಂಪೆಯ ವ್ಯಾಸರಾಯರೆಂದರೆ ಜನಕ್ಕೆ ಮೊದಲು ನೆನಪಾಗುವುದು ಕುಹಯೋಗದ ಕಥೆ. ಕೃಷ್ಣದೇವರಾಯನಿಗೆ ಕುಹಯೋಗವೆಂಬ ಗ್ರಹಸಂಧಿ ಒದಗಿತು. ಆ ಮುಹೂರ್ತದಲ್ಲಿ ಸಿಂಹಾಸನದ ಮೇಲಿದ್ದವನಿಗೆ ಮರಣ ತಪ್ಪದು. ಬದಲಿಗೆ ಯಾರು ಕೂರಬೇಕು? ಪಟ್ಟದಾನೆಯ ಸೊಂಡಿಲಿಗೆ ಹೂಮಾಲೆ ಕೊಟ್ಟು ಬಿಟ್ಟರೆ ಅದು ನೇರವಾಗಿ ಹೋಗಿ ಯತಿಗಳ ಕೊರಳಿಗೆ ಹಾಕಿತು. ಅವರು ಬಂದು ಕುಳಿತರು. ಮೇಲೆರಗಿದ ಸರ್ಪದ ಮೇಲೆ ತಮ್ಮ ಕಾಷಾಯ ವಸ್ತ್ರವನ್ನು ಎಸೆದರು. ವಸ್ತ್ರ ಉರಿದು ಬೂದಿಯಾಯಿತು, ಯೋಗ ಕಳೆಯಿತು. ಎದ್ದು, ರಾಜ್ಯವನ್ನು ರಾಜನಿಗೇ ಒಪ್ಪಿಸಿದರು.

ಇದು ಮಠದ ಐತಿಹ್ಯ. ಸಮಕಾಲೀನನಾದ ಸೋಮನಾಥಕವಿಯ ವ್ಯಾಸಯೋಗಿಚರಿತವೆಂಬ ಸಂಸ್ಕೃತ ಚಂಪುವಿನಲ್ಲಿ ಅರಸನು ಯತಿಗಳಿಗೆ ರತ್ನಾಭಿಷೇಕ ಮಾಡಿದ ಸಂಗತಿ ಬರುತ್ತದೆ, ಗೌರವವಂತೂ ಕಟ್ಟುಕಥೆಯಲ್ಲ. ಆದರೆ ನನ್ನ ಮನಸ್ಸನ್ನು ಹಿಡಿದದ್ದು ಬೇರೊಂದು ಅಂಶ. ಅಷ್ಟು ದೊಡ್ಡ ಪಟ್ಟಣದಲ್ಲಿ ಸಂನ್ಯಾಸಿಯೇ ಏಕೆ? ಆಶ್ರಮ ಸ್ವೀಕರಿಸುವಾಗ ಯತಿಯಾಗುವವನು ತನ್ನ ಶ್ರಾದ್ಧವನ್ನು ತಾನೇ ಮಾಡಿಕೊಳ್ಳುತ್ತಾನೆ. ಪೂರ್ವಾಶ್ರಮದ ಹೆಸರಿನೊಡನೆ ಹುಟ್ಟಿದ ಗಳಿಗೆಯೂ ಅವನಿಂದ ಕಳಚಿಹೋಗುತ್ತದೆ. ಗ್ರಹಗಳು ಹಿಡಿಯಬೇಕಾದ ಹಿಡಿಕೆಯೇ ಅವನಲ್ಲಿಲ್ಲ. ಕಥೆ ಕಟ್ಟಿದ ಜನ ಜ್ಯೋತಿಷವನ್ನು ಅಲ್ಲಗಳೆಯಲಿಲ್ಲ. ಅದರ ಎಲ್ಲೆಯನ್ನು ಮಾತ್ರ ಗುರುತಿಸಿದರೆಂದು ನನಗೆ ತೋರುತ್ತದೆ.

ಐತಿಹ್ಯದಿಂದ ಆಕಾಶಕ್ಕೆ ಬಂದರೆ ನನಗೆ 1524 ನೆನಪಾಗುತ್ತದೆ. ಆ ವರ್ಷದ ಆರಂಭದಲ್ಲಿ ಗುರು ಶನಿಗಳು ಕೂಡಿದವು. ಫೆಬ್ರವರಿಯಲ್ಲಿ ಉಳಿದ ಗ್ರಹಗಳೂ ಅವುಗಳ ಸುತ್ತ ಗುಂಪುಗೂಡಿದವು. ನಮ್ಮ ಗಣಿತದಲ್ಲಿ ಗುರು ಶನಿಗಳ ಆ ಕೂಟ ಕುಂಭದಲ್ಲಿ. ಯೂರೋಪಿನಲ್ಲಿ ಅದನ್ನು ಮೀನವೆಂದು ಎಣಿಸಿ, 1499ರ ಸ್ಟಾಫ್ಲರನ ಪಂಚಾಂಗವನ್ನೋದಿ, ಜಲಪ್ರಳಯವಾಗುವುದೆಂದು ಜನ ತತ್ತರಿಸಿದರು. ಪ್ರಳಯ ಬರಲಿಲ್ಲ.

ವಿಜಯನಗರದಲ್ಲಿ ಅದೇ ವರ್ಷ ನಡೆದದ್ದೇನು? ಕೃಷ್ಣದೇವರಾಯನು ತಾನು ಬದುಕಿರುವಾಗಲೇ ಆರು ವರ್ಷದ ಮಗ ತಿರುಮಲನಿಗೆ ಪಟ್ಟ ಕಟ್ಟಿ, ತಾನು ಮಂತ್ರಿಯ ಸ್ಥಾನದಲ್ಲಿ ನಿಂತನೆಂದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಎಂಟು ತಿಂಗಳ ಸಂಭ್ರಮದಲ್ಲೇ ಹುಡುಗ ಕಾಯಿಲೆ ಬಿದ್ದು ತೀರಿಕೊಂಡ. ವಿಷವೆಂಬ ಸಂಶಯ ಹುಟ್ಟಿತು. ಮುದಿ ಮಂತ್ರಿ ತಿಮ್ಮರಸನ ಕಣ್ಣು ಹೋಯಿತು. ಈ ಎರಡು ಸಂಗತಿಗಳನ್ನು ಹೆಣೆದು ಮೂರನೆಯ ಕಥೆ ಕಟ್ಟಲು ನಾನು ಒಲ್ಲೆ. ಆದರೆ ಹೊಸಪೇಟೆಯಿಂದ, ಸಂಡೂರಿನ ಬೆಟ್ಟಸಾಲಿಗೆ ಬೆನ್ನುಮಾಡಿ, ಹಂಪೆಯ ಕಡೆಗೆ ಹೊರಟಾಗಲೆಲ್ಲ ಅನಂತಶಯನಗುಡಿ ಎದುರಾಗುತ್ತದೆ. 1524ರಲ್ಲಿ ಅರಸನು ಆ ಮಗನ ಹೆಸರಿನ ಪುರದಲ್ಲಿ ಕಟ್ಟಿಸಿದ ಗುಡಿಯದು. ಪವಡಿಸಿದ ದೇವರಿಗೆಂದು ಉದ್ದವಾಗಿ ತೆಗೆದ ಆ ಗರ್ಭಗೃಹದ ಮುಂದೆ ನಿಂತಾಗ, ಸಿಂಹಾಸನದಿಂದ ಎದ್ದುಬಂದ ಯತಿಯ ಕಥೆ ನನಗೆ ಅಷ್ಟು ಹಗುರಾಗಿ ತೋರುವುದಿಲ್ಲ.

ಕುಳಿತದ್ದು ಒಂದು ಗಳಿಗೆ. ದುಡಿದದ್ದು ಹಲವು ದಶಕ. ನ್ಯಾಯಾಮೃತ, ತಾತ್ಪರ್ಯಚಂದ್ರಿಕಾ, ತರ್ಕತಾಂಡವ ಎಂಬ ಮೂರನ್ನು ವಿದ್ವಾಂಸರು ವ್ಯಾಸತ್ರಯವೆನ್ನುತ್ತಾರೆ. ನ್ಯಾಯಾಮೃತಕ್ಕೆ ಉತ್ತರವಾಗಿ ಮಧುಸೂದನ ಸರಸ್ವತಿಗಳು ಅದ್ವೈತಸಿದ್ಧಿಯನ್ನೇ ಬರೆಯಬೇಕಾಯಿತು. ಇಷ್ಟು ಕರ್ಕಶ ತರ್ಕವನ್ನು ಹೆಣೆದ ಕೈಯೇ ಸಿರಿಕೃಷ್ಣ ಎಂಬ ಅಂಕಿತದಲ್ಲಿ ಕನ್ನಡ ಪದಗಳನ್ನೂ ಬರೆಯಿತು. ಪುರಂದರದಾಸರು, ಕನಕದಾಸರು ಆ ನೆರಳಿನಲ್ಲಿ ಹಾಡಿದರು. ಕುರುಬ ಕುಲದ ಕನಕನನ್ನು ಹತ್ತಿರ ಮಾಡಿಕೊಂಡದ್ದಕ್ಕೆ ಮಠದೊಳಗಿನ ಪಂಡಿತರು ಗೊಣಗಿದರೆಂದು ಹೇಳುವ ಕಥೆಗಳು ಎಷ್ಟೋ. ಸಿಂಹಾಸನಕ್ಕಿಂತ ಇದು ಕಷ್ಟದ ಪೀಠವಾಗಿದ್ದಿರಬೇಕು.

732 ಹನುಮಂತರನ್ನು ಅವರು ಪ್ರತಿಷ್ಠಿಸಿದರೆಂಬ ಎಣಿಕೆ ಪ್ರಸಿದ್ಧವಾಗಿದೆ. ಚಕ್ರತೀರ್ಥದ ಬಳಿ ಕೋದಂಡರಾಮನ ಗುಡಿಯ ಮೇಲ್ಗಡೆಗೆ ಹತ್ತಿದರೆ ಯಂತ್ರೋದ್ಧಾರಕನಿದ್ದಾನೆ. ಆರು ಕೋನಗಳ ಯಂತ್ರದ ನಡುವೆ ಹನುಮನು ಪದ್ಮಾಸನ ಹಾಕಿ ಕುಳಿತಿದ್ದಾನೆ. ಸುತ್ತ ಹನ್ನೆರಡು ಕೋತಿಗಳು ಒಂದರ ಬಾಲವನ್ನೊಂದು ಹಿಡಿದಿವೆ. ಜೋಯಿಸರು ಅವುಗಳನ್ನು ಹನ್ನೆರಡು ರಾಶಿಗಳೆಂದರು. ಇರಬಹುದು. ನಾನು ಕಂಡದ್ದು ನಡುವೆ ಕುಳಿತ ನಿಶ್ಚಲತೆಯನ್ನು.

ಆನೆಗೊಂದಿಯ ಕಡೆಯಿಂದ ದೋಣಿ ಹತ್ತಿ ನವವೃಂದಾವನಕ್ಕೆ ಹೋದೆ. 2019ರ ಜುಲೈಯಲ್ಲಿ ನಿಧಿಯಾಸೆಯ ದುಷ್ಟರು ವ್ಯಾಸರಾಯರ ವೃಂದಾವನವನ್ನು ರಾತ್ರಿಯಲ್ಲಿ ಒಡೆದು ಅಗೆದಿದ್ದರು. ಸುದ್ದಿ ಹಬ್ಬಿದೊಡನೆ ಯತಿಗಳೂ ಭಕ್ತರೂ ಬಂದು ಸೇರಿ, ಚೆದುರಿದ ಕಲ್ಲುಗಳನ್ನು ಹೊತ್ತು ತಂದು, ತಡಮಾಡದೆ ಮತ್ತೆ ನಿಲ್ಲಿಸಿದರು. ಅಲ್ಲಿ ಪ್ರದಕ್ಷಿಣೆ ಮಾಡುವಾಗ ಕಲ್ಲಿನ ಸಂದುಗಳ ಮೇಲೆ ಕಣ್ಣು ಹೋಗದೆ ಇರಲಿಲ್ಲ. ಹೊಳೆ ಏರುತ್ತಿದೆ, ಬೇಗ ಬನ್ನಿರೆಂದು ಅಂಬಿಗನು ದಡದಿಂದ ಕೂಗಿದ, ಹೊರಟುಬಂದೆ.