ಭದ್ರಾವತಿಯ ಕುಲುಮೆ

ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಗೆ ಆ ಹೆಸರು ತಂದುಕೊಟ್ಟದ್ದು ಅಲ್ಲಿನ ಕೆಂಪು ಮಣ್ಣು. ಮಣ್ಣಿನ ಆ ಕೆಂಪಿಗೆ ಕಾರಣ ಅದರಲ್ಲಿ ಅಡಗಿರುವ ಕಬ್ಬಿಣ. ಮೈಸೂರು ಸೀಮೆಯ ಜನರಿಗೆ ಕಬ್ಬಿಣದ ಕೆಲಸ ಹೊಸದೇನೂ ಆಗಿರಲಿಲ್ಲ. ಊರೂರುಗಳಲ್ಲಿ ಚಿಕ್ಕ ಕುಲುಮೆಗಳನ್ನು ಹೂಡಿ, ಇದ್ದಿಲಿನ ಬೆಂಕಿಯಲ್ಲಿ ಅದಿರನ್ನು ಕರಗಿಸಿ, ನೇಗಿಲಿನ ಗುಳ, ಕುಡುಗೋಲು, ಕೊಡಲಿಗಳನ್ನು ಮಾಡುತ್ತಿದ್ದವರು ಇಲ್ಲಿ ಇದ್ದರು. ಹಡಗುಗಳಲ್ಲಿ ಹೊರನಾಡಿನ ಅಗ್ಗದ ಕಬ್ಬಿಣ ಬಂದಿಳಿಯಲು ತೊಡಗಿದ ಮೇಲೆ ಆ ಕುಲುಮೆಗಳು ಒಂದೊಂದಾಗಿ ಆರಿಹೋದವು. ಆರಿದ ಕುಲುಮೆಯನ್ನು ಮತ್ತೆ ಹೊತ್ತಿಸಬೇಕೆಂದು, ಅದೂ ಹೊಸ ಕಾಲಕ್ಕೆ ತಕ್ಕಂತೆ ಹೊತ್ತಿಸಬೇಕೆಂದು ಹಂಬಲಿಸಿದವರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು.

ವಿಶ್ವೇಶ್ವರಯ್ಯನವರ ಹುಟ್ಟೂರು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷಮ್ಮ. ಎಳೆಯ ವಯಸ್ಸಿನಲ್ಲಿಯೇ ಅವರು ತಂದೆಯನ್ನು ಕಳೆದುಕೊಂಡರು. ಬಡತನದ ನಡುವೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಪುಣೆಯಲ್ಲಿ ಎಂಜಿನಿಯರಿಂಗ್ ಪದವಿ ಪಡೆದು, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1908ರಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಹಾಳುಗೆಡವಿದಾಗ, ಆ ನಗರಕ್ಕೆ ಮತ್ತೆ ಅಂತಹ ವಿಪತ್ತು ಬಾರದಂತೆ ಯೋಜನೆಯನ್ನು ರೂಪಿಸಿಕೊಟ್ಟವರೂ ಅವರೇ. 1909ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರಾಗಿ ಬಂದ ಅವರನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1912ರಲ್ಲಿ ದಿವಾನರನ್ನಾಗಿ ನೇಮಿಸಿದರು.

ಕೈಗಾರಿಕೆಯಿಲ್ಲದ ನಾಡು ಬಡತನದಿಂದ ಮೇಲೇಳಲಾರದೆಂಬುದು ಅವರ ದೃಢವಾದ ನಂಬಿಕೆ. ಕೈಗಾರಿಕೆಗಳಿಗೆಲ್ಲ ಬೇರು ಕಬ್ಬಿಣ. ಆದರೆ ಮೈಸೂರಿನಲ್ಲಿ ಅದಿರಿತ್ತು, ಸುಣ್ಣಕಲ್ಲಿತ್ತು, ಕಲ್ಲಿದ್ದಲು ಇರಲಿಲ್ಲ. ಕಲ್ಲಿದ್ದಲಿನ ಬದಲಿಗೆ ಮಲೆನಾಡಿನ ಕಾಡಿನ ಮರವನ್ನು ಸುಟ್ಟು, ಆ ಇದ್ದಿಲಿನಿಂದಲೇ ಕಬ್ಬಿಣವನ್ನು ಕರಗಿಸಬಹುದೆಂದು ತಜ್ಞರು ಅಭಿಪ್ರಾಯಪಟ್ಟರು. ಅವರಲ್ಲಿ ಅಮೆರಿಕದ ಚಾರ್ಲ್ಸ್ ಪೇಜ್ ಪೆರಿನ್ ಮುಖ್ಯರು. ಟಾಟಾ ಸಂಸ್ಥೆಯವರು ಈಗಿನ ಝಾರ್ಖಂಡ್‌ನ ಸಾಕ್ಚಿಯಲ್ಲಿ ಉಕ್ಕಿನ ಕಾರ್ಖಾನೆಯನ್ನು ಕಟ್ಟಿದಾಗಲೂ ಸಲಹೆಗಾರರಾಗಿದ್ದವರು ಇವರೇ. ಭದ್ರಾ ನದಿಯ ದಡದಲ್ಲಿ, ಆಗ ಬೆಂಕೀಪುರವೆಂದು ಕರೆಯಲಾಗುತ್ತಿದ್ದ ಊರಿನಲ್ಲಿ ಕಾರ್ಖಾನೆ ಸ್ಥಾಪಿಸಲು 1918ರಲ್ಲಿ ತೀರ್ಮಾನವಾಯಿತು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ತೊರೆದರು.

1923ರ ಜನವರಿಯಲ್ಲಿ ಕುಲುಮೆ ಹೊತ್ತಿಕೊಂಡಿತು. ಅಷ್ಟರಲ್ಲಿ ಮೊದಲನೆಯ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು. ಕಾರ್ಖಾನೆಗೆ ತಗುಲಿದ ವೆಚ್ಚವೋ ಅಂದಾಜನ್ನು ಮೀರಿತ್ತು. ಪ್ರಜೆಗಳ ಹಣ ಬೂದಿಯಾಗುತ್ತಿದೆಯೆಂದು ಹಲವರು ಟೀಕಿಸಿದರು. ಕಾರ್ಖಾನೆಯನ್ನು ಮುಚ್ಚುವುದೇ ಲೇಸೆಂಬ ಮಾತೂ ಕೇಳಿಬಂದಿತು. ಆಗ ಸರ್ಕಾರ ವಿಶ್ವೇಶ್ವರಯ್ಯನವರ ನೆರವನ್ನೇ ಕೋರಿತು. ಅರುವತ್ತು ದಾಟಿದ್ದ ಅವರು ಹಿಂಜರಿಯದೆ ಆಡಳಿತ ಮಂಡಲಿಯ ಅಧ್ಯಕ್ಷತೆಯನ್ನು ವಹಿಸಿಕೊಂಡರು.

ಅವರು ಮೊದಲು ಕೈಗೆತ್ತಿಕೊಂಡದ್ದು ಲೆಕ್ಕದ ಪುಸ್ತಕವನ್ನು. ಎಲ್ಲಿ ಎಷ್ಟು ಪೋಲಾಗುತ್ತಿದೆ, ಯಾವ ಕೆಲಸಕ್ಕೆ ಎಷ್ಟು ಆಳುಗಳು ಬೇಕು, ಒಂದು ಟನ್ ಕಬ್ಬಿಣಕ್ಕೆ ಎಷ್ಟು ಖರ್ಚು ಎಂಬುದನ್ನು ಅವರು ಕೂಲಂಕಷವಾಗಿ ಪರಿಶೀಲಿಸಿದರು. ವಿದೇಶದ ತಜ್ಞರು ಮಾಡುತ್ತಿದ್ದ ಕೆಲಸಗಳಿಗೆ ನಮ್ಮ ನಾಡಿನ ತರುಣರನ್ನೇ ತರಬೇತುಗೊಳಿಸಿದರು. ಇದ್ದಿಲು ಸುಡುವಾಗ ಹೊಗೆಯಾಗಿ ವ್ಯರ್ಥವಾಗಬಹುದಾಗಿದ್ದ ಪದಾರ್ಥಗಳಿಂದ ಮದ್ಯಸಾರ, ಟಾರು ಮುಂತಾದ ಉಪೋತ್ಪನ್ನಗಳನ್ನು ಪಡೆಯಲಾಗುತ್ತಿತ್ತು. ಕಬ್ಬಿಣದಿಂದ ಕೊಳವೆಗಳನ್ನು ಎರಕ ಹೊಯ್ಯುವ ಕೆಲಸವೂ ನಡೆಯಿತು. 1929ರಲ್ಲಿ ಅವರು ಅಧ್ಯಕ್ಷತೆಯನ್ನು ಬಿಟ್ಟುಕೊಡುವ ವೇಳೆಗೆ, ಕಾರ್ಖಾನೆಯನ್ನು ಮುಚ್ಚಬೇಕೆಂಬ ಮಾತು ಅಡಗಿಹೋಗಿತ್ತು. ತಮಗೆ ಸಲ್ಲಬೇಕಾಗಿದ್ದ ಸಂಭಾವನೆಯನ್ನು ಅವರು ಸ್ವಂತಕ್ಕೆ ಬಳಸಲಿಲ್ಲ. ಬಡ ಹುಡುಗರು ಕಸುಬು ಕಲಿಯುವುದಕ್ಕೆ ಅದು ವಿನಿಯೋಗವಾಗಲೆಂದು ಬಯಸಿದರು. 1943ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಆ ಬಯಕೆಯ ಫಲ.

ಇಷ್ಟು ಕಬ್ಬಿಣದ ಒಂದು ಲೆಕ್ಕ. ಅದಕ್ಕೆ ಇನ್ನೊಂದು ಲೆಕ್ಕವೂ ಉಂಟು. ಕುಲುಮೆಯ ಹಸಿವನ್ನು ತಣಿಸಲು ಮಲೆನಾಡಿನ ಮರಗಳು ಉರುಳಿದವು. ಕಾಡಿನೊಳಗೆ ಕಿರಿಯ ಹಳಿಗಳನ್ನು ಹಾಸಿ ಸೌದೆಯನ್ನು ಸಾಗಿಸಲಾಯಿತು. ಚಳಿಜ್ವರಕ್ಕೆ ಹೆಸರಾಗಿದ್ದ ಆ ಕಾಡುಗಳಲ್ಲಿ ಮರ ಕಡಿದು ಇದ್ದಿಲು ಸುಟ್ಟವರು ಬಡ ಕೂಲಿಗಳು. ಕಾಡನ್ನೇ ನೆಚ್ಚಿ ಬದುಕುತ್ತಿದ್ದವರಿಗೆ ಉಂಟಾದ ನಷ್ಟವನ್ನು ಟನ್ನಿನಲ್ಲಿಯೂ ರೂಪಾಯಿಯಲ್ಲಿಯೂ ಅಳೆಯುವಂತಿರಲಿಲ್ಲ.

ವಿಶ್ವೇಶ್ವರಯ್ಯನವರು 1927ರಿಂದ 1955ರವರೆಗೆ ಟಾಟಾ ಉಕ್ಕಿನ ಕಂಪನಿಯ ನಿರ್ದೇಶಕರಲ್ಲಿ ಒಬ್ಬರಾಗಿದ್ದರು. ಆ ಕಂಪನಿಯ ಕಾರ್ಖಾನೆಯಿದ್ದ ಸಾಕ್ಚಿಯೇ ಮುಂದೆ ಜಮ್‌ಷೆಡ್‌ಪುರವಾಯಿತು. ಅದು ಹೋ, ಸಂತಾಲ, ಭೂಮಿಜ ಮೊದಲಾದ ಆದಿವಾಸಿಗಳ ಸೀಮೆ. ಪೂರ್ವಿಕರು ಕಾಡು ಕಡಿದು ಹಸನು ಮಾಡಿದ ನೆಲ ತಮ್ಮದೆಂದು ಸಾರಿ ಹೋರಾಡಿದ ಬಿರ್ಸಾ ಮುಂಡಾ ಆ ಪ್ರಸ್ಥಭೂಮಿಯವರೇ. ಅವರು 1900ರಲ್ಲಿ ರಾಂಚಿಯ ಸೆರೆಮನೆಯಲ್ಲಿ ತೀರಿಕೊಂಡರು. ಆದಿವಾಸಿಗಳ ಭೂಮಿಗೆ ರಕ್ಷಣೆ ನೀಡುವ ಛೋಟಾನಾಗಪುರ ಗೇಣಿ ಕಾಯಿದೆ ಬಂದದ್ದು 1908ರಲ್ಲಿ. ಸಾಕ್ಚಿಯಲ್ಲಿ ಕಾರ್ಖಾನೆ ಏಳತೊಡಗಿದ್ದೂ ಆ ವರ್ಷವೇ. ಸ್ವಾತಂತ್ರ್ಯಾನಂತರ ಒಡಿಶಾದ ರೂರ್ಕೆಲಾದಲ್ಲಿ ಉಕ್ಕಿನ ಕಾರ್ಖಾನೆ ಕಟ್ಟುವಾಗಲೂ ಹಲವು ಹಳ್ಳಿಗಳ ಆದಿವಾಸಿಗಳು ಮನೆ ಹೊಲಗಳನ್ನು ಬಿಟ್ಟು ಏಳಬೇಕಾಯಿತು. ಅದಿರು ಹೆಚ್ಚಾಗಿರುವುದು ಕಾಡುಬೆಟ್ಟಗಳಲ್ಲಿ. ಆ ಕಾಡುಬೆಟ್ಟಗಳೇ ಆದಿವಾಸಿಗಳ ಮನೆ. ಆದ್ದರಿಂದಲೇ ದೇಶಕ್ಕೆ ಉಕ್ಕು ಬೇಕಾದಾಗಲೆಲ್ಲ ನೆಲ ತೆರಬೇಕಾದ ಸರದಿ ಅವರದಾಯಿತು.

ಭದ್ರಾವತಿಯಲ್ಲಿ 1950ರ ದಶಕದಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಇದರಿಂದ ಇದ್ದಿಲಿನ ಅಗತ್ಯ ಕಡಿಮೆಯಾಯಿತು. ಆದರೆ ವಿದ್ಯುತ್ತಿಗಾಗಿ ಶರಾವತಿಗೆ ಕಟ್ಟಿದ ಅಣೆಕಟ್ಟುಗಳ ಹಿನ್ನೀರಿನಲ್ಲಿ ಮಲೆನಾಡಿನ ಎಷ್ಟೋ ಹಳ್ಳಿಗಳು ಮುಳುಗಿದವು. ಬೆಲೆ ತೆರುವವರು ಬದಲಾದರು, ಬೆಲೆ ತಪ್ಪಲಿಲ್ಲ.

1955ರಲ್ಲಿ ಭಾರತರತ್ನ ಪ್ರಶಸ್ತಿಗೆ ಪಾತ್ರರಾದ ವಿಶ್ವೇಶ್ವರಯ್ಯನವರು ಶತಾಯುಷಿಗಳಾಗಿ ಬಾಳಿ 1962ರ ಏಪ್ರಿಲ್‌ನಲ್ಲಿ ನಿಧನರಾದರು. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶ ಎಂಜಿನಿಯರುಗಳ ದಿನವಾಗಿ ಆಚರಿಸುತ್ತದೆ. ಭದ್ರಾವತಿಯ ಕಾರ್ಖಾನೆಗೆ ಮುಂದೆ ಅವರ ಹೆಸರನ್ನೇ ಇಡಲಾಯಿತು. ಸಾರ್ವಜನಿಕರ ಒಂದು ಕಾಸೂ ವ್ಯರ್ಥವಾಗಬಾರದೆಂಬ ಎಚ್ಚರ ಅವರು ನಮಗೆ ಬಿಟ್ಟುಹೋದ ದೊಡ್ಡ ಆಸ್ತಿ. ಆ ಎಚ್ಚರವನ್ನು ನಾವು ಇನ್ನಷ್ಟು ಹಿಗ್ಗಿಸಿಕೊಳ್ಳಬೇಕಾಗಿದೆ. ಕಾರ್ಖಾನೆಯ ಖರ್ಚನ್ನು ಬರೆಯುವಾಗ ಕಡಿದ ಮರವನ್ನೂ, ಅಗೆದ ಬೆಟ್ಟವನ್ನೂ, ನೆಲ ಬಿಟ್ಟು ಹೋದ ಮನುಷ್ಯನನ್ನೂ ಅದೇ ಪುಸ್ತಕದಲ್ಲಿ ಬರೆಯಬೇಕು. ಹಾಗೆ ಬರೆದಾಗಲೇ ಲೆಕ್ಕಕ್ಕೆ ಹೆಸರಾದ ಆ ಮಹನೀಯರ ಲೆಕ್ಕ ಪೂರ್ಣವಾಗುತ್ತದೆ.