ಯುದ್ಧಕ್ಕೆ ಒಪ್ಪದ ಜೆನೆಟ್ ರಾಂಕಿನ್

ಅಮೆರಿಕಾ ಸಂಯುಕ್ತ ಸಂಸ್ಥಾನವು ಎರಡು ಮಹಾಯುದ್ಧಗಳಲ್ಲಿ ಸೇರಿತು. ಎರಡು ಸಲವೂ ಅಲ್ಲಿಯ ಕಾಂಗ್ರೆಸ್ ಸಭೆಯು ಮತ ತೆಗೆದುಕೊಂಡು ಯುದ್ಧವನ್ನು ಸಾರಿತು. ಆ ಎರಡು ಪ್ರವೇಶಗಳಿಗೂ ವಿರೋಧವಾಗಿ ಮತವಿತ್ತ ಸದಸ್ಯರು ಒಬ್ಬರೇ. ಆಕೆಯ ಹೆಸರು ಜೆನೆಟ್ ರಾಂಕಿನ್. ಅಮೆರಿಕಾದ ಕಾಂಗ್ರೆಸ್ಸಿಗೆ ಆರಿಸಿಬಂದ ಮೊಟ್ಟಮೊದಲ ಮಹಿಳೆಯೂ ಆಕೆಯೇ. ಹೆಣ್ಣಿಗೆ ಮತದ ಹಕ್ಕು ಬೇಕೆಂದು ಊರೂರು ತಿರುಗಿದ ಈ ಮಹಿಳೆ, ತನ್ನ ಕೈಗೆ ಬಂದ ಮತವನ್ನು ಹೇಗೆ ಬಳಸಿದಳು, ಅದಕ್ಕಾಗಿ ಎಷ್ಟು ಬೆಲೆ ತೆತ್ತಳು ಎಂಬುದು ನಾವು ತಿಳಿಯಬೇಕಾದ ಸಂಗತಿ.

ಜೆನೆಟ್ 1880ನೆಯ ಇಸವಿ ಜೂನ್ 11ರಂದು ಮೊಂಟಾನಾ ಪ್ರಾಂತದ ಮಿಸೂಲ ಊರಿನ ಬಳಿ ಹುಟ್ಟಿದಳು. ಮೊಂಟಾನಾಕ್ಕೆ ಪೂರ್ಣ ರಾಜ್ಯದ ಪದವಿ ದೊರೆತದ್ದು 1889ರಲ್ಲಿ. ತಂದೆ ಜಾನ್ ರಾಂಕಿನ್ ಕೆನಡಾದಿಂದ ಬಂದು ನೆಲಸಿದವನು. ದನಕರುಗಳ ಸಾಕಣೆಯಿಂದಲೂ ಕಟ್ಟಡದ ಕೆಲಸದಿಂದಲೂ ಅನುಕೂಲಸ್ಥನಾದವನು. ತಾಯಿ ಆಲಿವ್ ಮದುವೆಗೆ ಮುಂಚೆ ಶಾಲೆಯ ಉಪಾಧ್ಯಾಯಿನಿಯಾಗಿದ್ದಳು. ಮಕ್ಕಳಲ್ಲಿ ಜೆನೆಟ್ ಹಿರಿಯಳು. ತಮ್ಮತಂಗಿಯರನ್ನು ನೋಡಿಕೊಳ್ಳುವುದು, ಅಡಿಗೆ, ಹೊಲಿಗೆ ಇವೆಲ್ಲ ಆಕೆಯ ಪಾಲಿಗೆ ಬಂದವು. ಆ ಗಡಿನಾಡಿನಲ್ಲಿ ಹೆಂಗಸರು ಗಂಡಸರ ಸರಿಸಮನಾಗಿ ದುಡಿಯುತ್ತಿದ್ದರು. ಆದರೆ ಚುನಾವಣೆಯ ದಿನ ಬಂದಾಗ ಗಂಡಸರು ಮತ ಹಾಕಲು ಹೋಗುವರು, ಹೆಂಗಸರು ಮನೆಯಲ್ಲಿ ಉಳಿಯುವರು. ದುಡಿಮೆಯಲ್ಲಿ ಇಲ್ಲದ ಭೇದ ಹಕ್ಕಿನಲ್ಲಿ ಏಕೆ ಎಂಬ ಪ್ರಶ್ನೆ ಆಕೆಯಲ್ಲಿ ಎಳೆಯ ವಯಸ್ಸಿನಿಂದಲೇ ಬೇರೂರಿತು.

1902ರಲ್ಲಿ ಮೊಂಟಾನಾ ವಿಶ್ವವಿದ್ಯಾನಿಲಯದಿಂದ ಜೀವಶಾಸ್ತ್ರದಲ್ಲಿ ಪದವಿ ಪಡೆದ ಮೇಲೆ ಜೆನೆಟ್ ಕೆಲವು ಕಾಲ ಪಾಠ ಹೇಳಿದಳು, ಕೆಲವು ಕಾಲ ಬಟ್ಟೆ ಹೊಲಿದಳು. ಯಾವುದೂ ಮನಸ್ಸಿಗೆ ಹಿಡಿಸಲಿಲ್ಲ. ಬಾಸ್ಟನ್ನಿಗೆ ಹೋದಾಗ ಅಲ್ಲಿಯ ಕೊಳಚೆ ಕೇರಿಗಳಲ್ಲಿ ಬಡವರು ಕಿಕ್ಕಿರಿದು ಬಾಳುವುದನ್ನು ಕಂಡಳು. ಆ ನೋಟ ಆಕೆಯನ್ನು ಸಮಾಜಸೇವೆಯ ಕಡೆಗೆ ಎಳೆಯಿತು. ನ್ಯೂಯಾರ್ಕಿನಲ್ಲಿ ಸಮಾಜಸೇವೆಯ ಶಿಕ್ಷಣ ಪಡೆದು, ವಾಷಿಂಗ್ಟನ್ ರಾಜ್ಯದ ಸ್ಪೊಕ್ಯಾನ್ ನಗರದಲ್ಲಿ ಅನಾಥ ಮಕ್ಕಳ ನಡುವೆ ಕೆಲಸಕ್ಕೆ ನಿಂತಳು. ಒಂದೊಂದು ಮಗುವಿನ ಕಣ್ಣೀರು ಒರಸುವುದರಿಂದ ತೀರುವ ಕಷ್ಟ ಅದಲ್ಲವೆಂದು ಬೇಗನೆ ಮನದಟ್ಟಾಯಿತು. ಕಾನೂನು ಬದಲಾಗಬೇಕು, ಕಾನೂನು ಬದಲಾಗಬೇಕಾದರೆ ತಾಯಂದಿರ ಕೈಯಲ್ಲಿ ಮತವಿರಬೇಕು. ಹೀಗೆ ಸೇವೆಯ ದಾರಿಯೇ ಆಕೆಯನ್ನು ರಾಜಕಾರಣಕ್ಕೆ ಕರೆತಂದಿತು.

ವಾಷಿಂಗ್ಟನ್ ರಾಜ್ಯದಲ್ಲಿ ಸ್ತ್ರೀಯರಿಗೆ ಮತದ ಹಕ್ಕು ಬೇಕೆಂಬ ಚಳವಳಿಯಲ್ಲಿ ಆಕೆ ದುಡಿದಳು. 1910ರಲ್ಲಿ ಅಲ್ಲಿ ಜಯ ದೊರೆಯಿತು. ಮರುವರ್ಷ ಮೊಂಟಾನಾದ ಶಾಸನ ಸಭೆಯ ಮುಂದೆ ನಿಂತು ಇದೇ ಹಕ್ಕಿಗಾಗಿ ವಾದಿಸಿದಳು. ಆ ಸಭೆಯಲ್ಲಿ ಭಾಷಣ ಮಾಡಿದ ಮೊದಲ ಹೆಂಗಸು ಆಕೆ. ಆ ಸಲ ಕೆಲಸ ಕೈಗೂಡಲಿಲ್ಲ. ಜೆನೆಟ್ ಬಿಡಲಿಲ್ಲ. ಗಣಿಗಳಿಗೆ, ಹೊಲಗಳಿಗೆ, ಮನೆಗಳ ಬಾಗಿಲಿಗೆ ಹೋಗಿ ಜನರೊಡನೆ ಮಾತನಾಡಿದಳು. 1914ರ ನವೆಂಬರಿನಲ್ಲಿ ಮೊಂಟಾನಾದ ಗಂಡಸರು ಮತವಿತ್ತು ತಮ್ಮ ಹೆಂಗಸರಿಗೆ ಆ ಹಕ್ಕನ್ನು ಕೊಟ್ಟರು.

ಎರಡು ವರ್ಷಗಳ ತರುವಾಯ, ವಕೀಲನಾಗಿದ್ದ ತಮ್ಮ ವೆಲಿಂಗ್ಟನ್ನನ ನೆರವಿನಿಂದ, ಜೆನೆಟ್ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಿ ಕಾಂಗ್ರೆಸ್ಸಿನ ಪ್ರತಿನಿಧಿ ಸಭೆಗೆ ಸ್ಪರ್ಧಿಸಿ ಗೆದ್ದಳು. ಆಗ ಹನ್ನೊಂದೇ ರಾಜ್ಯಗಳಲ್ಲಿ ಹೆಂಗಸರಿಗೆ ಪೂರ್ಣ ಮತದ ಹಕ್ಕಿತ್ತು. ಕೋಟ್ಯಂತರ ಸ್ತ್ರೀಯರು ಮತ ಹಾಕಲಾಗದ ದೇಶದಲ್ಲಿ ಒಬ್ಬ ಸ್ತ್ರೀ ಶಾಸನ ರಚಿಸಲು ಕುಳಿತಳು!

1917ರ ಏಪ್ರಿಲ್ 2ರಂದು ಆಕೆ ಸಭೆಯಲ್ಲಿ ಪ್ರಮಾಣ ಸ್ವೀಕರಿಸಿದಳು. ಅದೇ ದಿನ ಸಂಜೆ ಅಧ್ಯಕ್ಷ ವಿಲ್ಸನ್ ಜರ್ಮನಿಯ ಮೇಲೆ ಯುದ್ಧ ಸಾರಬೇಕೆಂದು ಕಾಂಗ್ರೆಸ್ಸನ್ನು ಕೇಳಿದನು. ಜರ್ಮನಿಯ ಜಲಾಂತರ್ನೌಕೆಗಳು ಹಡಗುಗಳನ್ನು ಮುಳುಗಿಸುತ್ತಿದ್ದವು. ದೇಶದಲ್ಲಿ ರೋಷ ತುಂಬಿತ್ತು. ಯುದ್ಧಕ್ಕೆ ಒಪ್ಪಬೇಕೆಂದು ತಮ್ಮ ಹೇಳಿದ. ಸ್ತ್ರೀಮತಾಧಿಕಾರದ ನಾಯಕಿಯರಲ್ಲಿಯೂ ಹಲವರಿಗೆ ಅಂಜಿಕೆ ಇತ್ತು. ಹೆಂಗಸು ಹಿಂಜರಿದಳೆಂಬ ಅಪವಾದ ಬಂದರೆ ಇಡೀ ಚಳವಳಿ ಹಿಂದೆ ಬೀಳುವುದೆಂಬುದು ಅವರ ಎಣಿಕೆ. ಏಪ್ರಿಲ್ 6ರ ನಡುರಾತ್ರಿ ಕಳೆದ ಮೇಲೆ ಹೆಸರು ಕೂಗಿ ಮತ ಕೇಳಿದರು. ಮೊದಲ ಸಲ ಕೂಗಿದಾಗ ಜೆನೆಟ್ ಸುಮ್ಮನಿದ್ದಳು. ಎರಡನೆಯ ಸಲ ಎದ್ದು ನಿಂತು, ದೇಶದ ಪರವಾಗಿ ನಿಲ್ಲುವ ಆಸೆ ತನಗಿದೆಯೆಂದೂ ಯುದ್ಧಕ್ಕೆ ಮಾತ್ರ ಮತ ಕೊಡಲಾರೆನೆಂದೂ ಹೇಳಿದಳು. ಯುದ್ಧದ ಪರವಾಗಿ 373 ಮತಗಳು, ವಿರೋಧವಾಗಿ 50 ಮತಗಳು ಬಂದವು.

ಇಲ್ಲಿ ಗಮನಿಸಬೇಕಾದುದೊಂದುಂಟು. ಆ ರಾತ್ರಿ ಬೇಡವೆಂದ ಐವತ್ತು ಮಂದಿಯಲ್ಲಿ ನಲವತ್ತೊಂಬತ್ತು ಮಂದಿ ಗಂಡಸರು. ಅವರ ಮತದಿಂದ ಗಂಡಸರು ರಾಜಕಾರಣಕ್ಕೆ ಯೋಗ್ಯರಲ್ಲವೆಂದು ಯಾರೂ ಬರೆಯಲಿಲ್ಲ. ಜೆನೆಟ್ಟಳ ಒಂದು ಮತವನ್ನು ಮಾತ್ರ ಹೆಣ್ಣುಕುಲದ ದೌರ್ಬಲ್ಯಕ್ಕೆ ಸಾಕ್ಷಿಯಾಗಿ ಹಿಡಿದರು. ಆಕೆ ಬಿಕ್ಕಿ ಬಿಕ್ಕಿ ಅತ್ತಳೆಂದು ಪತ್ರಿಕೆಗಳು ಬರೆದವು. ಮೊದಲನೆಯವರಾಗಿ ಒಳಗೆ ಹೋದವರ ಮೇಲೆ ಬೀಳುವ ಹೊರೆ ಇದು. ಅವರು ತಮ್ಮೊಬ್ಬರ ಹೆಸರಿನಲ್ಲಿ ತಪ್ಪುವಂತೆಯೂ ಇಲ್ಲ, ಒಪ್ಪುವಂತೆಯೂ ಇಲ್ಲ.

ಆಕೆಯ ಆ ಎರಡು ವರ್ಷಗಳ ಕೆಲಸ ಆ ಮತದೊಂದಿಗೆ ಮುಗಿಯಲಿಲ್ಲ. 1917ರ ಜೂನ್ ತಿಂಗಳಲ್ಲಿ ಮೊಂಟಾನಾದ ಬ್ಯೂಟ್ ನಗರದ ತಾಮ್ರದ ಗಣಿಯಲ್ಲಿ ಬೆಂಕಿ ಬಿದ್ದು 168 ಕಾರ್ಮಿಕರು ಸತ್ತರು. ಕಾರ್ಮಿಕರು ಮುಷ್ಕರ ಹೂಡಿದಾಗ ಜೆನೆಟ್ ಅವರ ಪರವಾಗಿ ನಿಂತು ಬಲಶಾಲಿಗಳಾದ ಗಣಿಮಾಲೀಕರ ದ್ವೇಷ ಕಟ್ಟಿಕೊಂಡಳು. ತಾಯಿ ಮತ್ತು ಶಿಶುಗಳ ಆರೋಗ್ಯಕ್ಕೆ ಸರಕಾರ ಹಣ ಒದಗಿಸಬೇಕೆಂಬ ಮಸೂದೆಯನ್ನು ತಂದಳು. ಆ ವಿಚಾರ 1921ರಲ್ಲಿ ಕಾನೂನಾಗಿ ಫಲಿಸಿತು. 1918ರ ಜನವರಿ 10ರಂದು ಸ್ತ್ರೀಮತಾಧಿಕಾರದ ಸಂವಿಧಾನ ತಿದ್ದುಪಡಿಯ ಚರ್ಚೆಯನ್ನು ಪ್ರತಿನಿಧಿ ಸಭೆಯಲ್ಲಿ ಆರಂಭಿಸಿದವಳು ಆಕೆಯೇ. ಲೋಕದಲ್ಲಿ ಪ್ರಜಾಪ್ರಭುತ್ವವನ್ನು ಉಳಿಸಲು ಯುದ್ಧ ಮಾಡುತ್ತೇವೆನ್ನುವ ಸಭೆ ಸ್ವಂತ ದೇಶದ ಹೆಂಗಸರಿಗೆ ಅದನ್ನು ಕೊಡಲು ಹಿಂಜರಿದರೆ ಏನೆಂದು ಸಮಾಧಾನ ಹೇಳುವುದೆಂದು ಕೇಳಿದಳು. 274 ಮತಗಳು ಪರವಾಗಿ, 136 ವಿರೋಧವಾಗಿ ಬಂದು ತಿದ್ದುಪಡಿ ಗೆದ್ದಿತು. ಸೆನೆಟ್ ಸಭೆ ಆಗ ಒಪ್ಪಲಿಲ್ಲ. ಕಡೆಗೆ 1920ರಲ್ಲಿ ಅದು ದೇಶದ ಸಂವಿಧಾನವನ್ನು ಸೇರಿತು. ಯುದ್ಧಕ್ಕೆ ಒಪ್ಪದ ಮತದಿಂದ ಚಳವಳಿ ಮುರಿಯುವುದೆಂಬ ಭಯ ಸುಳ್ಳಾಯಿತು.

ಆಕೆಯ ಜೀವನದಲ್ಲಿ ಮರೆಮಾಚಬಾರದ ಇನ್ನೊಂದು ಮತವೂ ಇದೆ. 1917ರ ಡಿಸೆಂಬರಿನಲ್ಲಿ ಆಸ್ಟ್ರಿಯಾ-ಹಂಗೆರಿಯ ಮೇಲೆ ಯುದ್ಧ ಸಾರುವ ಪ್ರಶ್ನೆ ಬಂದಿತು. ಈಗಾಗಲೇ ನಡೆಯುತ್ತಿರುವ ಯುದ್ಧದಲ್ಲಿ ಇದೊಂದು ವಿಧಿ ಮಾತ್ರವೆಂದು ಹೇಳಿ ಜೆನೆಟ್ ಪರವಾಗಿ ಮತ ಹಾಕಿದಳು. ಅಂದು ಒಂಟಿಯಾಗಿ ಬೇಡವೆಂದವನು ನ್ಯೂಯಾರ್ಕಿನ ಸಮಾಜವಾದಿ ಮೇಯರ್ ಲಂಡನ್. ಒಬ್ಬಂಟಿಯಾಗಿ ನಿಲ್ಲುವುದು ಎಷ್ಟು ಕಷ್ಟವೆಂಬುದನ್ನು ಆಕೆ ಅಂದೇ ಕಣ್ಣಾರೆ ಕಂಡಿರಬೇಕು.

ಮೊಂಟಾನಾದ ಕ್ಷೇತ್ರವನ್ನು ಎರಡಾಗಿ ಒಡೆದುದರಿಂದ ಆಕೆಯ ಪಾಲಿಗೆ ಎದುರುಪಕ್ಷ ಬಲವಾಗಿದ್ದ ಭಾಗ ಬಂದಿತು. 1918ರಲ್ಲಿ ಸೆನೆಟ್ ಸ್ಥಾನಕ್ಕೆ ನಿಂತು ಸೋತಳು. ಮರುವರ್ಷ ಜೇನ್ ಆಡಮ್ಸ್ ಮೊದಲಾದವರೊಡನೆ ಜೂರಿಕ್ ನಗರದ ಮಹಿಳಾ ಶಾಂತಿ ಸಮ್ಮೇಳನಕ್ಕೆ ಹೋಗಿಬಂದಳು. ಅನಂತರ ಇಪ್ಪತ್ತು ವರ್ಷಗಳ ಕಾಲ ಶಾಂತಿಯ ಪ್ರಚಾರವೇ ಆಕೆಯ ಕಸಬಾಯಿತು. ಜಾರ್ಜಿಯಾ ರಾಜ್ಯದಲ್ಲಿ ವಿದ್ಯುತ್ತಿಲ್ಲದ, ನಲ್ಲಿ ನೀರಿಲ್ಲದ ಸಣ್ಣ ಮನೆಯಲ್ಲಿದ್ದುಕೊಂಡು ಸುತ್ತಲಿನವರನ್ನು ಕೂಡಿಸಿ ಯುದ್ಧದ ಕಾರಣಗಳನ್ನು ತಿಳಿಸುತ್ತಿದ್ದಳು. 1940ರಲ್ಲಿ, ಅರವತ್ತನೆಯ ವಯಸ್ಸಿನಲ್ಲಿ, ಮೊಂಟಾನಾದ ಜನ ಆಕೆಯನ್ನು ಮತ್ತೆ ಕಾಂಗ್ರೆಸ್ಸಿಗೆ ಕಳುಹಿಸಿದರು.

1941ರ ಡಿಸೆಂಬರ್ 7ರಂದು ಜಪಾನು ಹವಾಯಿಯ ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಿತು. ಸುಮಾರು 2,400 ಅಮೆರಿಕನರು ಸತ್ತರು. ಮರುದಿನ ಸಭೆ ಸೇರಿದಾಗ ಜೆನೆಟ್ ಮಾತನಾಡಲು ಅವಕಾಶ ಕೇಳಿದಳು, ಸಭಾಪತಿ ಕೊಡಲಿಲ್ಲ. ಸಭೆಯಲ್ಲಿದ್ದ ಇತರ ಮಹಿಳಾ ಸದಸ್ಯರು ಯುದ್ಧಕ್ಕೆ ಒಪ್ಪಿದರು. 388 ಮಂದಿ ಪರ, ವಿರೋಧ ಒಬ್ಬಳೇ. ಹೆಂಗಸಾದ ತಾನು ಯುದ್ಧಕ್ಕೆ ಹೋಗುವಂತಿಲ್ಲವಾದ್ದರಿಂದ ಬೇರೆಯವರನ್ನು ಕಳುಹಿಸಲು ಒಪ್ಪುವುದಿಲ್ಲವೆಂಬುದು ಆಕೆಯ ನಿಲುವು. ಜನ ಛೀಮಾರಿ ಹಾಕಿದರು. ಮತ ಬದಲಿಸೆಂದು ಸದಸ್ಯರು ಬೇಡಿಕೊಂಡರು. ಗುಂಪಿನಿಂದ ತಪ್ಪಿಸಿಕೊಳ್ಳಲು ಆಕೆ ದೂರವಾಣಿಯ ಗೂಡಿನೊಳಗೆ ಹೊಕ್ಕು ಬಾಗಿಲು ಹಾಕಿಕೊಂಡಳು. ಪೊಲೀಸರು ಬಂದು ಕಛೇರಿಗೆ ಮುಟ್ಟಿಸಿದರು. ಮೊಂಟಾನಾ ಪೂರ್ತಿ ನಿನಗೆ ವಿರೋಧವಾಗಿದೆಯೆಂದು ಒಡಹುಟ್ಟಿದ ತಮ್ಮನೇ ತಿಳಿಸಿದನು. 1942ರಲ್ಲಿ ಆಕೆ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ.

ಆಕೆ ಮಾಡಿದ್ದು ಸರಿಯೆ? ಜಪಾನಿನ ಬಾಂಬುಗಳು ಬಿದ್ದ ಮೇಲೆ, ಹಿಟ್ಲರನು ಯುರೋಪನ್ನು ತುಳಿಯುತ್ತಿದ್ದಾಗ, ಯುದ್ಧವಿಲ್ಲದೆ ಅವರನ್ನು ತಡೆಯುವ ಬಗೆ ಯಾವುದೆಂಬ ಪ್ರಶ್ನೆಗೆ ಆಕೆಯ ಮತದಲ್ಲಿ ಉತ್ತರ ಸಿಕ್ಕದು. ಇದನ್ನು ಒಪ್ಪಿಕೊಳ್ಳಬೇಕು. ಆದರೆ ಆಕೆಯ ಅಭಿಪ್ರಾಯವನ್ನು ಒಪ್ಪದ ಪತ್ರಿಕಾಕರ್ತ ವಿಲಿಯಂ ಆಲನ್ ವೈಟನೇ ಆ ಧೈರ್ಯವನ್ನು ಮೆಚ್ಚಿ ಬರೆದನು. ಎಲ್ಲರೂ ಒಂದೇ ಮಾತನಾಡುವ ದಿನ ಬೇರೆ ಮಾತಿಗೆ ಎಡೆಯಿಲ್ಲದಿದ್ದರೆ ಸಭೆ ಎಂಬುದಕ್ಕೆ ಅರ್ಥವೇನು? ಮತವೆಂದರೆ ಬೇಡವೆನ್ನುವ ಹಕ್ಕೂ ಹೌದು. ಹೆಣ್ಣಿಗಾಗಿ ಆಕೆ ಕೇಳಿದ ಹಕ್ಕಿನಲ್ಲಿ ಇದೂ ಅಡಗಿತ್ತು.

ಅಹಿಂಸೆಯಿಂದ ಒಂದು ದೇಶ ಸ್ವಾತಂತ್ರ್ಯ ಪಡೆಯಬಹುದೆಂದು ತೋರಿಸುತ್ತಿದ್ದ ಗಾಂಧೀಜಿಯವರ ಮಾರ್ಗ ಆಕೆಯನ್ನು ಸೆಳೆಯಿತು. 1946ರಿಂದ 1971ರವರೆಗೆ ಏಳು ಸಲ ಭಾರತಕ್ಕೆ ಬಂದು ಆ ಮಾರ್ಗವನ್ನು ಅಭ್ಯಾಸ ಮಾಡಿದಳು. 1968ರ ಜನವರಿ 15ರಂದು, ಎಂಬತ್ತೇಳರ ಮುಪ್ಪಿನಲ್ಲಿ, ವಿಯೆಟ್ನಾಂ ಯುದ್ಧ ನಿಲ್ಲಬೇಕೆಂದು ಸುಮಾರು ಐದು ಸಾವಿರ ಮಹಿಳೆಯರ ಮುಂದೆ ರಾಜಧಾನಿಯ ಬೀದಿಯಲ್ಲಿ ನಡೆದಳು. 1973ರ ಮೇ 18ರಂದು ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡಳು. ಆಕೆ ಬಿಟ್ಟುಹೋದ ಆಸ್ತಿಯ ಭಾಗದಿಂದ, ವಯಸ್ಸು ಮೀರಿದ ಮೇಲೆ ಓದಲು ಹೊರಟ ಬಡ ಹೆಂಗಸರಿಗಾಗಿ ವಿದ್ಯಾರ್ಥಿವೇತನದ ನಿಧಿ ಏರ್ಪಟ್ಟಿತು. ಆಕೆಯನ್ನು ಛೀಮಾರಿ ಹಾಕಿ ಕಳುಹಿಸಿದ ಕಾಂಗ್ರೆಸ್ ಭವನದಲ್ಲಿಯೇ 1985ರಲ್ಲಿ ಆಕೆಯ ಪ್ರತಿಮೆ ನಿಂತಿತು.

ನಮ್ಮಲ್ಲಿ ಅನೇಕರು ಹದಿನೆಂಟು ತುಂಬಿ ಮೊದಲ ಮತವನ್ನು ಹಾಕುವ ವಯಸ್ಸಿನವರು. ತರಗತಿಯಲ್ಲಿ, ಸಂಘದಲ್ಲಿ, ಹಾಸ್ಟೆಲಿನಲ್ಲಿ ಎಲ್ಲರೂ ಒಂದು ಕಡೆ ಕೈ ಎತ್ತಿದಾಗ ನಮ್ಮ ಕೈ ತಾನಾಗಿ ಮೇಲೆ ಹೋಗುವುದುಂಟು. ಹಾಗೆ ಎತ್ತುವ ಮುನ್ನ ಒಂದು ಗಳಿಗೆ ಯೋಚಿಸುವ ಅಭ್ಯಾಸವನ್ನು ಜೆನೆಟ್ ರಾಂಕಿನ್ನಳಿಂದ ಕಲಿತರೆ, ಅವಳ ಜೀವನವನ್ನು ಓದಿದ್ದು ಸಾರ್ಥಕ.